ಸರ್ವಮಂಗಳಮ್ಮನ ಮೊಣಕಾಲು

“ಹಿಡ್ಕ, ಆ ಕಡೆ ಗಟ್ಟಿ ಹಿಡ್ಕ. ಹೂಂ, ಈಗ ನೂಕು!”

ನಾಗಭೂಷಣ ಹಾಗೆನ್ನುತ್ತಿದ್ದ ಹೊತ್ತಿಗೆ ಸರಿಯಾಗಿ ಮರುಳಸಿದ್ದಮ್ಮ ಹೊಸ್ತಿಲು ದಾಟಿ ಒಳಗೆ ಬಂದಳು. ಹದಡಿಯಿಂದ ಬೆಳಗಿನ ಮೊದಲ ಬಸ್ಸು ಹತ್ತಿ, ದಾವಣಗೆರೆ ಬಸ್‌ಸ್ಟ್ಯಾಂಡಿನಿಂದ ಆಟೋ ಮಾಡಿಕೊಂಡು ನಿಟ್ಟುವಳ್ಳಿಗೆ ಬಂದಿದ್ದಳು. ದಾರಿಯುದ್ದಕ್ಕೂ ಅಳು ಒತ್ತಿಕೊಂಡು ಬರುತ್ತಿತ್ತು. ನಡುಮನೆಯಲ್ಲಿ ಕಂಡದ್ದಕ್ಕೆ ಆ ಅಳು ಮರೆತೇಹೋಯಿತು.

ಅಕ್ಕ ಸರ್ವಮಂಗಳಮ್ಮ ಚಾಪೆಯ ಮೇಲೆ ಅಂಗಾತ ಮಲಗಿದ್ದಳು. ಸೀರೆಯನ್ನು ತೊಡೆಯವರೆಗೆ ಸರಿಸಿದ್ದರು. ಅಕ್ಕನ ಮಗ ನಾಗಭೂಷಣ ಅವಳ ಬಲತೊಡೆಯನ್ನು ಎರಡೂ ಕೈಯಲ್ಲಿ ಅಮುಕಿ ಹಿಡಿದಿದ್ದ. ಪಕ್ಕದ ಮನೆಯ ಬಕ್ಕೇಶ ಪಾದ ಹಿಡಿದು, ಕೆಟ್ಟುನಿಂತ ಗಾಡಿ ನೂಕುವವನ ಹಾಗೆ ಮೈಭಾರವನ್ನೆಲ್ಲ ಹಾಕಿ ಹಿಂದಕ್ಕೆ ಒತ್ತುತ್ತಿದ್ದ. ಪಕ್ಕದಲ್ಲಿ ಬಿಸಿನೀರಿನ ಬಕೆಟ್ಟು, ಹಬೆಯಾಡುವ ಟವೆಲುಗಳು, ಒಂದು ಬಟ್ಟಲು ಹರಳೆಣ್ಣೆ. ಸತ್ತವರ ಕಾಲು ಮಡಚಿ, ಪದ್ಮಾಸನ ಹಾಕಿಸಿ, ಕೂತಂತೆಯೇ ಮಣ್ಣು ಮಾಡುವುದು ಅವರ ಕಡೆಯ ಪದ್ಧತಿ. ಆದರೆ ಈ ಮೊಣಕಾಲುಗಳು ಬದುಕಿದ್ದಾಗಲೇ ಮಡಚುವುದನ್ನು ಬಿಟ್ಟು ಏಳೆಂಟು ತಿಂಗಳಾಗಿತ್ತು. ನಸುಕಿನಲ್ಲಿ ಸೊಸೆ ಎದ್ದು ನೋಡುವಷ್ಟರಲ್ಲಿ ಮೈಯೂ ಸೆಟೆದಿತ್ತು.

ಮೊಣಕಾಲಿನ ಒಳಗೆಲ್ಲೋ ಒಣಕಟ್ಟಿಗೆ ಮುರಿದಂಥ ಸದ್ದಾಯಿತು.

“ಬಗ್ತು, ಬಗ್ತು!” ಎಂದ ಬಕ್ಕೇಶ.

“ಬಿಡ್ರೋ!” ಮರುಳಸಿದ್ದಮ್ಮ ಕೂಗಿದ ಕೂಗಿಗೆ ಇಬ್ಬರೂ ಕೈಬಿಟ್ಟರು. ಕಾಲು ನಿಧಾನವಾಗಿ ಚಾಪೆಯ ಮೇಲೆ ಜಾರಿ ಮೊದಲಿನಂತೆ ಚಾಚಿಕೊಂಡಿತು. “ಏನು ಮಾಡಾಕತ್ತೀರಿ? ಹಡೆದ ತಾಯಿ ಕಾಲು ಮುರಿತೀಯಾ?”

ನಾಗಭೂಷಣ ಹಣೆಯ ಬೆವರು ಒರೆಸಿಕೊಂಡ. ಅವನ ಕಣ್ಣೂ ಕೆಂಪಾಗಿತ್ತು. ಅತ್ತಿದ್ದನೋ ನಿದ್ದೆಗೆಟ್ಟಿದ್ದನೋ ತಿಳಿಯುವಂತಿರಲಿಲ್ಲ. “ಇನ್ನೇನು ಮಾಡ್ಲಿ ಚಿಗವ್ವ? ಮಠದ ಅಯ್ಯನವ್ರು ಬರೋದ್ರೊಳಗೆ ಕುಂದ್ರಿಸ್ಬೇಕು. ಎಣ್ಣೆ ಹಚ್ಚಿದ್ವಿ, ಬಿಸಿನೀರು ಹಾಕಿದ್ವಿ. ಆಗವಲ್ದು.”

“ಆಗದಿದ್ರೆ ಬಿಡು.”

“ಹಂಗಂದ್ರೆ ಹೆಂಗೆ?” ಎಂಬ ದನಿ ಬಾಗಿಲಿನಿಂದ ಬಂತು. ಭಾವ ಶಿವಯೋಗಪ್ಪ ನಿಂತಿದ್ದ. ಬಿಳಿ ಜುಬ್ಬಾ, ಹಣೆಯ ತುಂಬ ವಿಭೂತಿ, ಕೈಯಲ್ಲಿ ಹೋಟೆಲಿನಿಂದ ತರಿಸಿದ ಟೀಯ ಗ್ಲಾಸು. “ಬಂದ್ಯಾ ಸಿದ್ದಮ್ಮ? ನೋಡು ನಿಮ್ಮಕ್ಕ ಹೆಂಗೆ ಮಾಡಿ ಹೋದ್ಲು. ಹರಿಹರದಿಂದ, ಮಂಡಿಪೇಟೆಯಿಂದ ಎಲ್ಲ ದೊಡ್ಡ ಮಂದಿ ಬರ್ತಾರೆ. ಕುಂದ್ರಿಸ್ಕೊಂಡು ಹೋಗಾಕೆ ಹೂವಿನ ವಿಮಾನಕ್ಕೆ ಹೇಳೀನಿ. ಮಲಗಿಸ್ಕೊಂಡು ಹೋದ್ರೆ ಯಾರೇನಂದಾರು?”

ಮರುಳಸಿದ್ದಮ್ಮ ಕೆಳಗೆ ಕೂತು ಅಕ್ಕನ ಸೀರೆಯನ್ನು ಪಾದದವರೆಗೆ ಎಳೆದು ಮುಚ್ಚಿದಳು. ಬಿಸಿನೀರು ಬಿದ್ದ ಕಡೆ ಸೀರೆ ಒದ್ದೆಯಾಗಿತ್ತು.

*

ಹರಿಹರದ ಕಾರ್ಖಾನೆಗಳಿಗೆ ಹೋಗುವ ದಾರಿಯಲ್ಲಿ ಶಿವಯೋಗಪ್ಪನ ಖಾನಾವಳಿ ಎಂದರೆ ಗೊತ್ತಿಲ್ಲದವರಿರಲಿಲ್ಲ. ಹೆಸರು ಅವನದು, ರೊಟ್ಟಿ ಸರ್ವಮಂಗಳಮ್ಮನದು. ಮದುವೆಯಾಗಿ ಬಂದ ವರ್ಷವೇ ಅವಳು ರೊಟ್ಟಿ ಬಡಿಯುವ ಕಲ್ಲಿನ ಮುಂದೆ ಕೂತಳು. ಒಂದು ಕಾಲು ಮಡಚಿ ಅಡಿಗೆ ಹಾಕಿಕೊಂಡು, ಇನ್ನೊಂದು ಮೊಣಕಾಲನ್ನು ಎದೆಗೆ ತಾಗುವಂತೆ ಎತ್ತಿಕೊಂಡು ಬಡಿಯತೊಡಗಿದರೆ ಬೆಳಗಿನ ಪಾಳಿಯವರಿಗೆ ಶುರುವಾದದ್ದು ಸಂಜೆ ಪಾಳಿಯವರ ಊಟಕ್ಕೇ ಮುಗಿಯುತ್ತಿತ್ತು. ಗಲ್ಲಾದ ಮೇಲೆ ಕೂತ ಶಿವಯೋಗಪ್ಪ “ರೊಟ್ಟಿ ಬರ್ಲಿ” ಎಂದು ಒಳಕ್ಕೆ ಕೂಗುತ್ತಿದ್ದ. ತೆಳ್ಳಗೆ, ಅಂಚು ಒಡೆಯದೆ, ತಟ್ಟೆಗಿಂತ ಅಗಲವಾದ ರೊಟ್ಟಿ ಬರುತ್ತಿತ್ತು.

ವಯಸ್ಸು ಐವತ್ತರ ಸುಮಾರಿಗೆ ಮೊಣಕಾಲು ಊದತೊಡಗಿದವು. ಕೂತಲ್ಲಿಂದ ಏಳಬೇಕಾದರೆ ಗೋಡೆ ಹಿಡಿಯಬೇಕು, ಎದ್ದ ಮೇಲೆ ಒಂದು ಗಳಿಗೆ ಉಸಿರು ಕಚ್ಚಿ ನಿಲ್ಲಬೇಕು. ದಾವಣಗೆರೆಯ ಮೂಳೆ ಡಾಕ್ಟರ ಹತ್ತಿರ ತೋರಿಸಲು ಹೋದಾಗ ಮರುಳಸಿದ್ದಮ್ಮನೂ ಜೊತೆಗಿದ್ದಳು. ಡಾಕ್ಟರು ಎಕ್ಸರೇಯನ್ನು ಬೆಳಕಿಗೆ ಹಿಡಿದು ತೋರಿಸಿದರು.

“ನಡುವಿನ ಮೆತ್ತೆ ಸವೆದುಹೋಗಿದೆ. ಮೂಳೆಗೆ ಮೂಳೆ ತಿಕ್ಕುತ್ತಿದೆ. ಬೆಂಗಳೂರಲ್ಲಿ ಚಿಪ್ಪು ಬದಲಾಯಿಸ್ತಾರೆ. ಆದ್ರೆ ಅದೂ ಹತ್ತು ಹನ್ನೆರಡು ವರ್ಷಕ್ಕೆ ಸವೆಯುತ್ತೆ. ಎರಡನೇ ಸಲ ಮಾಡೋದು ಕಷ್ಟ, ಖರ್ಚೂ ಜಾಸ್ತಿ. ಅದಕ್ಕೇ ಸ್ವಲ್ಪ ವಯಸ್ಸಾದ ಮೇಲೆ ಮಾಡಿಸೋದು ವಾಸಿ. ಅಲ್ಲೀವರೆಗೆ ನೆಲದ ಮೇಲೆ ಕೂರೋ ಕೆಲಸ ಪೂರ್ತಿ ಬಿಡಬೇಕು.”

ಶಿವಯೋಗಪ್ಪ ಆ ಮಾತಿನ ಅರ್ಧವನ್ನಷ್ಟೇ ಮನೆಗೆ ತಂದ. “ಈಗ ಬ್ಯಾಡಂತೆ, ಆಮೇಲೆ ಮಾಡ್ಸಬೇಕಂತೆ” ಎಂದು ಬಂದವರಿಗೆಲ್ಲ ಹೇಳಿದ. ಇನ್ನರ್ಧವನ್ನು ಮರುಳಸಿದ್ದಮ್ಮ ನೆನಪಿಸಿದರೆ, “ನಿಂತು ಬಡಿದ್ರೆ ರೊಟ್ಟಿ ತೆಳ್ಳಗಾಗಲ್ಲ” ಎಂದ. ದಾವಣಗೆರೆಯಲ್ಲಿ ಪಂಪ್‌ಸೆಟ್ಟಿನ ಬಿಡಿಭಾಗಗಳ ಅಂಗಡಿ ಇಟ್ಟಿದ್ದ ನಾಗಭೂಷಣನಿಗೆ ಡಾಕ್ಟರ ಮಾತು ಬಹಳ ಹಿಡಿಸಿತ್ತು.

“ಬೇರಿಂಗ್ ಇದ್ದಂಗೆ ಚಿಗವ್ವ. ಹಳೇದು ಪೂರ್ತಿ ಹೋಗೋ ತನಕ ಓಡಿಸ್ಬೇಕು. ನಡುವೆ ತೆಗೆದು ಹೊಸದು ಹಾಕಿದ್ರೆ ಎರಡೂ ಲುಕ್ಸಾನು. ಸರಿಯಾದ ಟೈಮಿಗೆ ಹಾಕ್ಸಿದ್ರೆ ಒಂದೇ ಸಲಕ್ಕೆ ಅವ್ವನ ಆಯಸ್ಸು ಮುಗೀತದೆ.”

“ಆಯಸ್ಸು ಮುಗೀತದೆ ಅಂತೀಯಲ್ಲೋ,” ಎಂದು ಸರ್ವಮಂಗಳಮ್ಮ ನಕ್ಕಿದ್ದಳು.

ಅದೇ ವರ್ಷ ಖಾನಾವಳಿಗೆ ಟೇಬಲ್ಲು ಕುರ್ಚಿ ಬಂದವು. ಅಲ್ಲಿಯವರೆಗೆ ಉಣ್ಣುವವರು ನೆಲದ ಮೇಲೆ ಸಾಲಾಗಿ ಕೂರುತ್ತಿದ್ದರು. ಈಗಿನ ಮಂದಿಗೆ ನೆಲದ ಮೇಲೆ ಕೂತರೆ ಕಾಲು ಹಿಡಿಯುತ್ತದೆ, ಬೇರೆ ಕಡೆ ಹೋಗಿಬಿಡುತ್ತಾರೆ ಎಂಬುದು ಶಿವಯೋಗಪ್ಪನ ಚಿಂತೆಯಾಗಿತ್ತು. ಹೊಸ ಕುರ್ಚಿಗಳನ್ನು ನೋಡಲು ಬಂದ ಮರುಳಸಿದ್ದಮ್ಮ ಒಳಗೆ ಇಣುಕಿದರೆ, ಅಕ್ಕ ಅದೇ ನೆಲ, ಅದೇ ಕಲ್ಲು, ಅದೇ ಒಲೆಯ ಮುಂದೆ.

“ನಿನಗೊಂದು ಕಟ್ಟೆ ಕಟ್ಟಿಸ್ಕೊಡಾಕೆ ಏನಾಗಿತ್ತು ಅಕ್ಕ?”

“ಗಿರಾಕಿ ಕಾಲು ಕಣೆ ಮುಖ್ಯ,” ಎಂದಳು ಸರ್ವಮಂಗಳಮ್ಮ, ಹಿಟ್ಟಿನ ಕೈಯಿಂದಲೇ ಮೊಣಕಾಲು ನೀವಿಕೊಳ್ಳುತ್ತ.

ಆಮೇಲೆ ಪ್ರತಿವರ್ಷ ಮಾತು ಎದ್ದಿತು, ಪ್ರತಿವರ್ಷ ಮಲಗಿತು. ಕಾರ್ಖಾನೆಯಲ್ಲಿ ಮೂರು ಪಾಳಿ ನಡೆಯುತ್ತಿದ್ದಾಗ ಅವಳನ್ನು ಬಿಟ್ಟುಕೊಡಲು ಪುರುಸೊತ್ತಿಲ್ಲ. ಪಾಳಿ ಕಡಿಮೆಯಾಗಿ ಗಿರಾಕಿ ಇಳಿದಾಗ ಪುರುಸೊತ್ತಿತ್ತು, ದುಡ್ಡಿಲ್ಲ. ದುಡ್ಡಿಲ್ಲದ ಆ ವರ್ಷವೇ ನಿಟ್ಟುವಳ್ಳಿಯಲ್ಲಿ ಮಗನಿಗೆ ಮಹಡಿ ಮನೆ ಎದ್ದಿತು. ಮನೆಗೆ ಕೂರುವ ಕಮೋಡು ಹಾಕಿಸೋಣ, ಅವ್ವ ಬಂದಾಗ ಅನುಕೂಲ ಎಂದು ಸೊಸೆ ವಿಶಾಲಾಕ್ಷಿ ಅಂದದ್ದಕ್ಕೆ ಶಿವಯೋಗಪ್ಪ ಮುಖ ಕಿವಿಚಿದ. “ಒಬ್ರು ಕುಂತಿದ್ರ ಮ್ಯಾಲೆ ಇನ್ನೊಬ್ರು ಕುಂದ್ರಾದೇನು, ಹೇಸಿಗೆ.”

*

ಅಕ್ಕನ ಸ್ನಾನಕ್ಕೆ ನೀರಿನ ಕೊಡ ತುಂಬಿಕೊಳ್ಳಲು ಮರುಳಸಿದ್ದಮ್ಮ ಮುಂಬಾಗಿಲ ನಲ್ಲಿಗೆ ಬಂದಾಗ ಜಗಲಿಯಲ್ಲಿ ಐದಾರು ಜನ ಕೂತಿದ್ದರು. ಎಲ್ಲರಿಗಿಂತ ಮುಂದೆ ಶಿವಯೋಗಪ್ಪನ ಗೆಳೆಯ ಪಂಚಾಕ್ಷರಪ್ಪ. ಖಾನಾವಳಿಗೆ ಜೋಳ, ಎಣ್ಣೆ, ಬೇಳೆ ಎಲ್ಲ ಅವನ ಅಂಗಡಿಯಿಂದಲೇ ಹೋಗುತ್ತಿತ್ತು. ಅವಳು ಕೊಡ ನಲ್ಲಿಯ ಕೆಳಗಿಟ್ಟಳು. ನೀರು ಸಣ್ಣಗೆ ಬರುತ್ತಿತ್ತು. ಮಾತು ಕಿವಿಗೆ ಬೀಳದಿರಲು ಸಾಧ್ಯವಿರಲಿಲ್ಲ.

“ಒಂದು ಲೆಕ್ಕದಾಗೆ ನೋಡಿದ್ರೆ, ಶಿವಯೋಗಪ್ಪಾರೇ,” ಎನ್ನುತ್ತಿದ್ದ ಪಂಚಾಕ್ಷರಪ್ಪ, “ನೀವು ಆಪರೇಶನ್ ಮಾಡ್ಸದೇ ಇದ್ದಿದ್ದೇ ಚಲೋ ಆತು ನೋಡ್ರಿ. ಹೋದ ವರ್ಷ ಹಾಕ್ಸಿದ್ರೆ ಅಷ್ಟೂ ಈಗ ಮಣ್ಣಿಗೆ ಹೋಗ್ತಿತ್ತು.”

“ಅದನ್ನೇ ನಾನನ್ನೋದು,” ಎಂದ ಶಿವಯೋಗಪ್ಪ. ದುಃಖದ ಮನೆಯಲ್ಲಿ ಕೂತವನ ದನಿ ಅಲ್ಲ ಅದು. ಬೆಲೆ ಬೀಳುವ ಮೊದಲೇ ಮಾಲು ಮಾರಿಕೊಂಡವನ ದನಿ. “ಹತ್ತು ವರ್ಷ ಬಾಳಿಕೆ ಬರೋ ಮಾಲು. ಇವಳು ಬದುಕಿದ್ದು ಹತ್ತು ತಿಂಗಳು. ಉಳಿದಿದ್ದು ಯಾರಿಗೆ ಬಂತು ಹೇಳ್ರಿ?”

“ತೆಗೆದು ಇನ್ನೊಬ್ರಿಗೆ ಹಾಕಾಕೆ ಬರಲ್ವಂತಾ ಅದು?” ಎಂದು ಇನ್ನೊಬ್ಬ ಕೇಳಿದ.

ಆಗಷ್ಟೇ ಹೊರಗೆ ಬಂದ ನಾಗಭೂಷಣ ತಿಳಿದವನ ಹಾಗೆ ತಲೆಯಾಡಿಸಿದ. “ಇಲ್ರಿ, ಒಬ್ರ ಅಳತೆ ಒಬ್ರಿಗೆ ಕೂರಲ್ಲ. ಸೆಕೆಂಡ್ ಹ್ಯಾಂಡ್ ನಡೆಯಲ್ಲ ಅದರಾಗೆ.”

ಯಾರೋ ಸಣ್ಣಗೆ ನಕ್ಕರು. ನಕ್ಕದ್ದು ಸರಿಯಾಗಲಿಲ್ಲ ಅನ್ನಿಸಿತೋ ಏನೋ, ಕೆಮ್ಮಿದರು.

ಮರುಳಸಿದ್ದಮ್ಮ ಚರಂಡಿಗೆ ಬಗ್ಗಿ ಉಗುಳಿದಳು. ಜಗಲಿಯ ಮಾತು ಮೆಕ್ಕೆಜೋಳದ ಧಾರಣೆಯ ಕಡೆಗೆ ಹೊರಳಿತು. ಕೊಡ ತುಂಬಿ ಹೊರಚೆಲ್ಲುತ್ತಿತ್ತು.

ಒಳಗೆ ಬಾಗಿಲು ಹಾಕಿಕೊಂಡು ಹೆಂಗಸರು ಅಕ್ಕನಿಗೆ ಸ್ನಾನ ಮಾಡಿಸಿದರು. ಮರುಳಸಿದ್ದಮ್ಮ ಕಾಲು ತೊಳೆದಳು. ಮೊಣಕಾಲುಗಳು ಹಳೆಯ ಬೇವಿನ ಮರದ ಗಂಟಿನಂತಿದ್ದವು, ಮೀನಖಂಡ ಒಣಗಿ ಚರ್ಮ ಜೋತಿತ್ತು. ಎಡಗಾಲಿನ ಹರಡಿನ ಮೇಲೆ, ನೆಲಕ್ಕೆ ಊರಿ ಊರಿ, ಎತ್ತಿನ ಹೆಗಲಿನಂತೆ ಕಪ್ಪಗೆ ಜಡ್ಡುಗಟ್ಟಿತ್ತು. ಎಷ್ಟು ತಿಕ್ಕಿದರೂ ಆ ಕಪ್ಪು ಹೋಗುವಂಥದ್ದಲ್ಲ.

“ನೀರು ಕುಡಿಯೋದೇ ಬಿಟ್ಟಿದ್ರು ಸಣ್ಣತ್ತೆ,” ಎಂದಳು ವಿಶಾಲಾಕ್ಷಿ, ತಲೆ ಎತ್ತದೆ. “ಕುಡಿದ್ರೆ ಎದ್ದು ಹೋಗ್ಬೇಕಲ್ಲ ಅಂತ. ನಾನು ಬರ್ತೀನಿ, ಕರೀರಿ ಅಂದ್ರೂ ಕರೀತಿರ್ಲಿಲ್ಲ. ತುಟಿ ಒಡೆದು ರಕ್ತ ಬರೋದು.”

“ನೀನೇನು ಮಾಡ್ತೀ ಬಿಡವ್ವ,” ಎಂದಳು ಮರುಳಸಿದ್ದಮ್ಮ.

*

ಹೋದ ವರ್ಷ, ತೊಂಬತ್ತೆಂಟರ ಯುಗಾದಿಯ ಹೊತ್ತಿಗೆ, ಎಲ್ಲವೂ ಕೂಡಿ ಬಂದಿತ್ತು. ಡಾಕ್ಟರು ತಾವಾಗಿ ಹೇಳಿದ್ದರು: ವಯಸ್ಸು ಸರಿಯಾಗಿದೆ, ಇನ್ನು ತಡ ಮಾಡಿದರೆ ಕಾಲಿನ ಮಾಂಸ ಬತ್ತಿ ಹೋಗುತ್ತದೆ, ಆಮೇಲೆ ಚಿಪ್ಪು ಹಾಕಿಯೂ ನಡೆಸಲಾಗುವುದಿಲ್ಲ. ಬೆಂಗಳೂರಿನ ಆಸ್ಪತ್ರೆಯಲ್ಲಿ ದಿನ ಗೊತ್ತಾಯಿತು. ದುಡ್ಡೂ ಇತ್ತು. ಉಳಿದದ್ದು ಒಂದೇ ಮಾತು: ಆಪರೇಶನ್ ಆಗಿ ಅವಳು ಮಲಗುವ ಮೂರು ತಿಂಗಳು ಖಾನಾವಳಿಯ ರೊಟ್ಟಿ ಯಾರು ಬಡಿಯಬೇಕು?

“ನಾನು ಬರ್ತೀನಿ,” ಎಂದಳು ಮರುಳಸಿದ್ದಮ್ಮ. ಹೊಲದಲ್ಲಿ ಕೆಲಸವಿಲ್ಲದ ದಿನಗಳು. ಗಂಡನಿಗೂ ಮಗನಿಗೂ ಹೇಳಿ, ಸೀರೆ ಗಂಟು ಕಟ್ಟಿಕೊಂಡು ಹರಿಹರಕ್ಕೆ ಬಂದಳು. ಅವಳ ರೊಟ್ಟಿ ಅಕ್ಕನದಕ್ಕಿಂತ ಒಂದು ಕೂದಲೆಳೆ ದಪ್ಪ. ಆದರೆ ಕೈ ಚುರುಕು.

ಎರಡು ದಿನ ಶಿವಯೋಗಪ್ಪ ಒಳಬಾಗಿಲಲ್ಲಿ ನಿಂತು ನೋಡಿದ. ಒಂದೇ ಅಡುಗೆಮನೆಯಲ್ಲಿ ಎರಡು ಕಲ್ಲು, ಇಬ್ಬರು ಅಕ್ಕತಂಗಿಯರು, ಬುಟ್ಟಿಯಲ್ಲಿ ಏರುತ್ತಿದ್ದ ರೊಟ್ಟಿ. ಮೂರನೆಯ ದಿನ ಮದುವೆಯ ಊಟದ ಆರ್ಡರು ಹಿಡಿದುಕೊಂಡು ಬಂದ. ಬಸವಜಯಂತಿಯ ಆಸುಪಾಸಿನಲ್ಲಿ ಕಲ್ಯಾಣಮಂಟಪಗಳೆಲ್ಲ ತುಂಬಿದ್ದವು, ಮದುವೆಮನೆಯವರಿಗೆ ಖಡಕ್ ರೊಟ್ಟಿ ಬೇಕಿತ್ತು.

“ಇಬ್ರಿದೀರಲ್ಲ,” ಎಂದ. “ಇದೊಂದು ಸೀಸನ್. ಆಸ್ಪತ್ರೆ ಎಲ್ಲಿಗೆ ಓಡಿಹೋಗ್ತದೆ? ಈ ಆರ್ಡರ್ ಮತ್ತೆ ಸಿಗಲ್ಲ.”

“ಭಾವ, ನಾನು ಬಂದಿದ್ದು ಅಕ್ಕ ಹೋಗ್ಲಿ ಅಂತ.”

“ಹೋಗ್ತಾಳೆ. ಬ್ಯಾಡ ಅಂದೋರ್ಯಾರು?”

ಮರುಳಸಿದ್ದಮ್ಮ ಅಕ್ಕನ ಮುಖ ನೋಡಿದಳು. ಈಗ ಅಕ್ಕ ಒಂದು ಮಾತು ಆಡಬೇಕಿತ್ತು. ಅಕ್ಕ ಹಿಟ್ಟು ನಾದುತ್ತಲೇ ಇದ್ದಳು. “ಇರ್ಲಿ ಬಿಡು ಸಿದ್ದಿ, ಇಷ್ಟು ದಿನ ತಡ್ಕೊಂಡೀನಿ. ಸೀಸನ್ ಮುಗಿಸ್ಕೊಂಡೇ ಹೋದ್ರಾತು. ಅವ್ರು ಹೇಳೋದ್ರಾಗೂ ಒಂದು ಲೆಕ್ಕ ಐತೆ.”

ಆ ಕ್ಷಣ ಮರುಳಸಿದ್ದಮ್ಮನಿಗೆ ಭಾವನಿಗಿಂತ ಅಕ್ಕನ ಮೇಲೇ ಹೆಚ್ಚು ಅಸಹ್ಯವಾಯಿತು. ಇದೆಂಥ ತಾಳ್ಮೆ, ಹೊಲಸು ತಾಳ್ಮೆ ಅನ್ನಿಸಿತು. ಆದರೂ ಎದ್ದು ಹೋಗಲಿಲ್ಲ. ಎದ್ದು ಹೋದರೆ ಅಷ್ಟೂ ರೊಟ್ಟಿ ಅಕ್ಕನೊಬ್ಬಳ ಮೇಲೆ ಬೀಳುತ್ತಿತ್ತು. ಬೆಂಗಳೂರಿನ ದಿನ ಬಂದು ಹೋದದ್ದು ಅವರಿಗೆ ಗೊತ್ತಾಗಲೇ ಇಲ್ಲ. ಅವತ್ತು ಎರಡು ಮದುವೆಗಳಿಗೆ ರೊಟ್ಟಿ ಹೋಗಬೇಕಿತ್ತು.

ಮಳೆ ಬಿದ್ದು ಊರಿನಿಂದ ಬಿತ್ತನೆಗೆ ಕರೆ ಬಂತು. ಹೊರಡುವ ದಿನ ಮರುಳಸಿದ್ದಮ್ಮ ಕೇಳಿದಳು. “ಕಾಲು ಸರಿಯಾದ್ರೆ ಏನು ಮಾಡ್ತೀಯಕ್ಕ? ಎಲ್ಲಾದ್ರೂ ಹೋಗೋಣೇನು? ಉಕ್ಕಡಗಾತ್ರಿ ಜಾತ್ರೆಗೆ?”

ಸರ್ವಮಂಗಳಮ್ಮ ಯೋಚಿಸಿದಳು. “ಎಲ್ಲಿಗೂ ಬ್ಯಾಡ ಕಣೆ. ಯಾರನ್ನೂ ಕೂಗದೆ ಪಾಯಿಖಾನೆಯಿಂದ ಎದ್ದು ಬರಂಗಾದ್ರೆ ಸಾಕು.”

ಆಷಾಢದಲ್ಲಿ ಅವಳು ಬಚ್ಚಲಲ್ಲಿ ಬಿದ್ದಳು. ಆಮೇಲೆ ನೆಲಕ್ಕೆ ಕೂರಲಾಗಲಿಲ್ಲ. ಒಂದು ವಾರದೊಳಗೆ ಶಿವಯೋಗಪ್ಪ ಖಾನಾವಳಿಗೆ ಇಬ್ಬರು ಹೆಂಗಸರನ್ನು ತಂದು ಕೂರಿಸಿದ. ಊಟ ಒಂದು ದಿನವೂ ನಿಲ್ಲಲಿಲ್ಲ. ಇಷ್ಟು ಸುಲಭವಿತ್ತೇ ಎಂದು ಮರುಳಸಿದ್ದಮ್ಮ ಹದಡಿಯಲ್ಲಿ ಕೂತು ಬೆರಗಾದಳು. ರೊಟ್ಟಿಗೆ ಬಾರದ ಸರ್ವಮಂಗಳಮ್ಮನನ್ನು ನಿಟ್ಟುವಳ್ಳಿಗೆ ಸಾಗಿಸಿದರು. ಅಲ್ಲಿ ಶಿವಯೋಗಪ್ಪ ಖಾನಾವಳಿಯ ಹಳೆಯದೊಂದು ಮರದ ಕುರ್ಚಿಯ ನಡುವೆ ದುಂಡಗೆ ತೂತು ಕೊರೆಸಿ, ಕೆಳಗೆ ಬಕೆಟ್ಟು ಇಟ್ಟು ಕೊಟ್ಟ. ನೋಡಲು ಬಂದವರಿಗೆಲ್ಲ ತೋರಿಸಿದ. “ಅಂಗಡ್ಯಾಗೆ ಇದಕ್ಕೆ ಎಷ್ಟು ಕೇಳ್ತಾರೆ ಗೊತ್ತಾ?”

ದೀಪಾವಳಿಯ ಮುಂದೆ ಮತ್ತೆ ಡಾಕ್ಟರ ಬಳಿ ಹೋದಾಗ ಎದೆಯ ಪರೀಕ್ಷೆಯಾಯಿತು. ಹೃದಯ ಸೋತಿದೆ, ಮತ್ತಿನ ಮದ್ದು ತಡೆಯುವುದಿಲ್ಲ ಎಂದರು. ಹಿಂತಿರುಗುವಾಗ ಆಟೋದಲ್ಲಿ ಶಿವಯೋಗಪ್ಪ ಹೇಳಿದನಂತೆ: “ಬಿಡು, ಇನ್ನು ಆ ಚಿಂತಿ ಇಲ್ಲ.”

*

ಸ್ನಾನ ಮುಗಿದು, ಹೊಸ ಸೀರೆ ಉಡಿಸಿ, ಹಣೆಗೆ ವಿಭೂತಿ ಹಚ್ಚುವ ಹೊತ್ತಿಗೆ ಹೊರಗೆ ಜನ ಸೇರಿದ್ದರು. ನಾಗಭೂಷಣ ಬಾಗಿಲು ತಟ್ಟಿದ.

“ಚಿಗವ್ವ, ಇನ್ನೊಂದ್ಸಲ ನೋಡೋಣ. ಬಕ್ಕೇಶನ ಜೊತೆಗೆ ಇನ್ನಿಬ್ರು ಬರ್ತಾರೆ.”

“ಯಾರೂ ಮುಟ್ಟಂಗಿಲ್ಲ.”

“ಮತ್ತೆ ಹೆಂಗೆ ಕುಂದ್ರಿಸೋದು?”

ಹಿಂದಿನಿಂದ ಶಿವಯೋಗಪ್ಪ ದಾರಿ ಹುಡುಕಿಕೊಂಡೇ ಬಂದಿದ್ದ. ಬಕ್ಕೇಶನ ಕೈಯಲ್ಲಿ ಕುರ್ಚಿಯೊಂದಿತ್ತು. “ಪದ್ಮಾಸನ ಆಗದಿದ್ರೆ ಬ್ಯಾಡ. ಇದರ ಮ್ಯಾಲೆ ಕುಂದ್ರಿಸಿ, ಮುಂದೊಂದು ಸ್ಟೂಲ್ ಇಟ್ಟು ಕಾಲು ಚಾಚಿದ್ರಾತು. ತೂತಿನ ಮ್ಯಾಲೆ ಹಲಗಿ ಹಾಕ್ರಿ, ಅದರ ಮ್ಯಾಲೆ ಶಾಲು. ಕೈ ಇರೋ ಕುರ್ಚಿ, ಮೈ ಜಾರಲ್ಲ. ಅವಳಿಗೂ ರೂಢಿ ಐತೆ.”

ಕುರ್ಚಿಯನ್ನು ಹಿತ್ತಲಿನಿಂದ ತರುವಾಗ ನೀರು ಹೊಯ್ದಿದ್ದರೂ ವಾಸನೆ ಹೋಗಿರಲಿಲ್ಲ. ಆ ವಾಸನೆ ವಿಭೂತಿಯ, ಮಲ್ಲಿಗೆಯ, ಊದಿನಕಡ್ಡಿಯ ನಡುವೆ ನುಸುಳಿ ಬಂತು. ವಿಶಾಲಾಕ್ಷಿ ಸೆರಗು ಬಾಯಿಗೆ ಒತ್ತಿಕೊಂಡು ಗೋಡೆಯ ಕಡೆ ತಿರುಗಿದಳು.

ಮರುಳಸಿದ್ದಮ್ಮ ಎದ್ದಳು. ಬಕ್ಕೇಶನ ಕೈಯಿಂದ ಕುರ್ಚಿ ಕಿತ್ತುಕೊಂಡು ಹೊರಗೆ ನಡೆದಳು. ಜಗಲಿಯಲ್ಲಿದ್ದವರು ಕಾಲು ಹಿಂದಕ್ಕೆ ತೆಗೆದು ದಾರಿ ಬಿಟ್ಟರು. ಮೆಟ್ಟಿಲ ಮೇಲೆ ನಿಂತು, ಇದ್ದ ಶಕ್ತಿಯನ್ನೆಲ್ಲ ಕೂಡಿಸಿ ಅದನ್ನು ರಸ್ತೆಗೆ ಎಸೆದಳು. ಕುರ್ಚಿ ಚರಂಡಿಯ ಕಲ್ಲಿಗೆ ಬಡಿದು ಒಂದು ಕಾಲು ಕಳಚಿತು. ಸ್ಕೂಟರಿನವನೊಬ್ಬ ಬ್ರೇಕು ಹಾಕಿ ನೋಡುತ್ತ ನಿಂತ.

“ಸಿದ್ದಮ್ಮಾ!” ಎಂದ ಶಿವಯೋಗಪ್ಪ.

“ಹೋಗ್ರಿ ಭಾವ, ಅದರ ಮ್ಯಾಲೆ ನೀವು ಕುಂದ್ರಿ. ಬಂದ ಮಂದಿ ನಿಮ್ಮನ್ನ ನೋಡ್ಲಿ.”

ಪಂಚಾಕ್ಷರಪ್ಪ ಮೇಲೆದ್ದು, ಎದ್ದದ್ದು ಯಾಕೆಂದು ತಿಳಿಯದೆ ಮತ್ತೆ ಕೂತ. ಅಷ್ಟರಲ್ಲಿ ಮಠದ ಅಯ್ಯನವರ ಮೋಟರ್‌ಸೈಕಲ್ಲು ಬಂದು ನಿಂತಿತು. ಹರೆಯದ ಅಯ್ಯ. ಇಳಿದವನೇ ಗಡಿಯಾರ ನೋಡಿಕೊಂಡ.

ಶಿವಯೋಗಪ್ಪನಿಗೆ ಆಸರೆ ಸಿಕ್ಕಂತಾಯಿತು. “ಅಯ್ಯನವ್ರೇ, ನೀವೇ ಹೇಳ್ರಿ. ಕಾಲು ಮಡಚದೆ ಸಂಸ್ಕಾರ ಆಗ್ತದಾ?”

“ಬೆನ್ನು ನೆಟ್ಟಗೆ ಕೂರಿಸಿದ್ರಾಯ್ತು. ಕೈಯಲ್ಲಿ ಲಿಂಗ ಇರ್ಬೇಕು. ಕಾಲು ಹೆಂಗಾದ್ರೂ ಇರ್ಲಿ,” ಎಂದ ಅಯ್ಯ. “ಮಧ್ಯಾಹ್ನ ನನಗೆ ಇನ್ನೊಂದು ಕಡೆ ಐತೆ. ಬೇಗ ಮಾಡ್ರಿ.”

ಹೀಗೆ ಅದು ಅಲ್ಲಿಗೆ ಮುಗಿಯಿತು. ಮಂಚದ ಮೇಲೆ ಗೋಡೆಗೊರಗಿಸಿ ಅಕ್ಕನನ್ನು ಕೂರಿಸಿದರು. ಚಾಚಿದ ಕಾಲು ಕಾಣಬಾರದೆಂದು ಶಿವಯೋಗಪ್ಪ ಹೊಸ ರೇಷ್ಮೆ ಶಾಲೊಂದನ್ನು ಸೊಂಟದಿಂದ ಕೆಳಕ್ಕೆ ಹೊದಿಸಿ, ಮೇಲೆ ಸೇವಂತಿಗೆ ಸುರಿಸಿದ. ಫೋಟೋದವನಿಗೆ ಎದೆಯಿಂದ ಮೇಲಷ್ಟೇ ತೆಗೆಯಲು ನಾಗಭೂಷಣ ಹೇಳಿದ. ದೊಡ್ಡ ಮಂದಿ ಬಂದರು, ಹಾರ ಹಾಕಿದರು, “ಎಷ್ಟು ಲಕ್ಷಣವಾಗಿ ಕುಂತಾರೆ ನೋಡ್ರಿ” ಎಂದರು. “ಪುಣ್ಯವಂತೆ, ಯಾರ ಕೈಲೂ ಸೇವೆ ಮಾಡಿಸ್ಕೊಳ್ಲಿಲ್ಲ” ಎಂದರು. ಮರುಳಸಿದ್ದಮ್ಮ ಅಕ್ಕನ ತಲೆಯ ಬದಿಯಲ್ಲಿ ಕೂತು ನೊಣ ಓಡಿಸುತ್ತಿದ್ದಳು.

*

ಮಣ್ಣು ಮಾಡುವುದು ಹರಿಹರದಲ್ಲಿ, ಹೊಳೆಯ ಕಡೆಗಿದ್ದ ಅವರ ಮನೆತನದ ತೋಟದ ಮೂಲೆಯಲ್ಲಿ. ಹೂವಿನ ವಿಮಾನ ಕಟ್ಟಿದ ಲಾರಿ ಪಿ.ಬಿ. ರಸ್ತೆ ಹಿಡಿದು ಹೊರಟಿತು. ಹರಿಹರ ಮುಟ್ಟಿ ಖಾನಾವಳಿಯ ಮುಂದೆ ಬಂದಾಗ ಲಾರಿಯನ್ನು ಒಂದು ಗಳಿಗೆ ನಿಲ್ಲಿಸಿದರು. ಬಾಳಿದ ಜಾಗ, ನಿಲ್ಲಿಸಬೇಕು ಎಂದು ಯಾರೋ ಹೇಳಿದ್ದರು.

ಬಾಗಿಲು ತೆರೆದೇ ಇತ್ತು. ಒಳಗೆ ಟೇಬಲ್ಲುಗಳ ಮುಂದೆ ಜನ ಉಣ್ಣುತ್ತಿದ್ದರು. ಡೋಲು ನಿಂತ ಕೂಡಲೆ ಅಡುಗೆಮನೆಯಿಂದ ರೊಟ್ಟಿ ಬಡಿಯುವ ಸದ್ದು ಹೊರಗೆ ಬಂತು, ಪಟಪಟ, ಪಟಪಟ.

“ಇವತ್ತೂ ಬಂದ್ ಮಾಡಿಲ್ಲೇನ್ರಿ?” ಎಂದು ಲಾರಿಯ ಮೇಲಿದ್ದವರಲ್ಲೊಬ್ಬರು ಕೇಳಿದರು.

“ತಿಂಗಳ ಊಟದ ಮಂದಿ ಅದಾರಲ್ಲ, ಉಪವಾಸ ಕೆಡವಾಕೆ ಬರ್ತದಾ?” ಎಂದು ಶಿವಯೋಗಪ್ಪ ಇಳಿದು ಹೋಗಿ, ಗಲ್ಲಾದಲ್ಲಿ ಕೂತವನ ಕಿವಿಯಲ್ಲಿ ಏನೋ ಹೇಳಿ, ಕಣ್ಣೊರೆಸಿಕೊಳ್ಳುತ್ತ ಬಂದು ಮತ್ತೆ ಹತ್ತಿದ. ಉಣ್ಣುತ್ತಿದ್ದವರಲ್ಲಿ ಇಬ್ಬರು ಎಂಜಲುಗೈ ಹಿಂದೆ ಮಾಡಿಕೊಂಡು ಬಾಗಿಲಿಗೆ ಬಂದು ನಿಂತರು. ಮರುಳಸಿದ್ದಮ್ಮ ಮುಖ ಆಚೆ ತಿರುಗಿಸಿದಳು. ಆ ರಸ್ತೆ, ಆ ಬೋರ್ಡು, ಹುರಿದ ಶೇಂಗಾದ ಆ ವಾಸನೆ, ಯಾವುದನ್ನೂ ಇನ್ನು ಜನ್ಮದಲ್ಲಿ ನೋಡಬಾರದು ಅನ್ನಿಸಿತು.

ತೋಟದಲ್ಲಿ ಗುಡ್ಡಪ್ಪ ಕುಣಿ ತೋಡಿ ಕಾಯುತ್ತಿದ್ದ. ಕುಣಿಯ ಒಂದು ಗೋಡೆಯಲ್ಲಿ, ಪದ್ಮಾಸನ ಹಾಕಿದವರು ಕೂರುವಷ್ಟು ಅಳತೆಯ ಗೂಡು. ಕಾಲಿನ ವಿಷಯ ಅವನಿಗೆ ಯಾರೂ ಹೇಳಿರಲಿಲ್ಲ. ಕೇಳಿದ ಮೇಲೆ ಅವನು ಬೀಡಿ ಎಸೆದು ಮತ್ತೆ ಇಳಿದ. ಗೂಡಿನ ಮುಂದೆ ಎದುರು ಗೋಡೆಯವರೆಗೆ ಇನ್ನಷ್ಟು ಮಣ್ಣು ತೆಗೆಯಬೇಕಾಯಿತು. ಬಿಸಿಲು ಏರಿತ್ತು. ಅಯ್ಯ ಗಡಿಯಾರ ನೋಡಿದ. ಪಂಚಾಕ್ಷರಪ್ಪ ತೆಂಗಿನ ಮರದ ನೆರಳಿಗೆ ಸರಿದು, ಬೇಗ ಹೋದರೆ ಬೇಗ ಸ್ನಾನ ಎಂದು ಗೊಣಗಿದ. ಗುದ್ದಲಿ ಏಳುತ್ತ ಬೀಳುತ್ತ ಇತ್ತು. ಕಾಯುವುದು ಈಗ ಇವರ ಸರದಿ ಎಂದುಕೊಂಡಳು ಮರುಳಸಿದ್ದಮ್ಮ.

ಕಡೆಗೆ ಅಕ್ಕನನ್ನು ಇಳಿಸಿದರು. ಬೆನ್ನು ಗೂಡಿನ ಗೋಡೆಗೆ ತಾಗಿತು, ಎಡಗೈಯಲ್ಲಿ ಲಿಂಗ ಇಟ್ಟರು, ಅಯ್ಯ ಮಂತ್ರ ಹೇಳಿದ. ಪತ್ರಿ, ವಿಭೂತಿ ಗಟ್ಟಿ, ಉಪ್ಪು ಬಂದವು. ಇನ್ನೇನು ಉಪ್ಪು ಸುರಿಯಬೇಕು, ಶಿವಯೋಗಪ್ಪ ಕೈ ಎತ್ತಿದ.

“ತಡಿ ತಡಿ. ಆ ಶಾಲು ತೆಗೀರಿ. ಹೊಸದು ಅದು, ರೇಷ್ಮೆದು. ಮಣ್ಣಿಗ್ಯಾಕೆ?”

ಗುಡ್ಡಪ್ಪ ಒಮ್ಮೆ ಅವನ ಮುಖ ನೋಡಿ, ಶಾಲು ಎಳೆದು ಮೇಲೆ ಕೊಟ್ಟ. ಸೇವಂತಿಗೆ ಉದುರಿಹೋಯಿತು. ಸೀರೆಯ ಅಂಚೂ ಶಾಲಿನ ಜೊತೆ ಮೇಲೆ ಸರಿಯಿತು.

“ಯಜಮಾನರು ಬರ್ರಿ, ಮೊದಲ ಹಿಡಿ ನಿಮ್ದು,” ಎಂದು ಅಯ್ಯ ಕರೆದ. “ಆ ಕಡೆ ಮಣ್ಣು ಸಡಿಲ ಐತೆ. ಈ ಕಡೆಯಿಂದ ಬಂದು ಕುಂತು ಹಾಕ್ರಿ.”

ನಿಲ್ಲಲು ಗಟ್ಟಿ ನೆಲವಿದ್ದದ್ದು ಗೂಡಿನ ಎದುರಿನ ಅದೊಂದೇ ಕಡೆ. ಶಾಲನ್ನು ಮಡಚಿ ಕಂಕುಳಲ್ಲಿ ಇಟ್ಟುಕೊಂಡು ಶಿವಯೋಗಪ್ಪ ಕುಣಿಯ ಅಂಚಿಗೆ ಬಂದ. ನೋವಿಲ್ಲದ ಮೊಣಕಾಲುಗಳನ್ನು ಸಲೀಸಾಗಿ ಮಡಚಿ ಕುಕ್ಕರುಗಾಲಲ್ಲಿ ಕೂತ, ಹಿಡಿ ಮಣ್ಣು ತೆಗೆದುಕೊಂಡ, ಬಗ್ಗಿ ಕೆಳಗೆ ನೋಡಿದ. ಮಣ್ಣು ಕೈಯಲ್ಲೇ ಉಳಿಯಿತು.

ಕೆಳಗೆ, ಒಡೆದು ಬಿರುಕುಬಿಟ್ಟ ಎರಡು ಅಂಗಾಲುಗಳು ನೇರ ಅವನ ಮುಖದ ಕಡೆಗಿದ್ದವು. ಸರ್ವಮಂಗಳಮ್ಮ ತಂಪು ಮಣ್ಣಿನ ಗೋಡೆಗೆ ಬೆನ್ನು ಕೊಟ್ಟು, ಗಂಡನ ಎದುರಿಗೆ ಕಾಲು ಚಾಚಿ ಕೂತಿದ್ದಳು.